ಹೊಳಪಿನ ಗುಂಡಿ

ಮಾರ್ಚ್ ೪, ಮಂಗಳವಾರ

ಈ ಪುಸ್ತಕ ಬೇರೆ ಯಾರ ಕಣ್ಣಿಗೂ ಬೀಳಬಾರದು. ಪುರಾವೆಗೆಂದು ಬರೆದಿಡುತ್ತಿದ್ದೇನೆ. ನಾಳೆ ಯಾರಾದರೂ ‘ಯಾವತ್ತು ಆದದ್ದು, ನಿನಗೆ ಹೇಗೆ ಗೊತ್ತು’ ಎಂದು ಅಡ್ಡಪ್ರಶ್ನೆ ಹಾಕಿದರೆ ತಾರೀಕು ಸಮೇತ ಹೇಳಲು ಬರಬೇಕು.

ಇವತ್ತು ಅಜ್ಜಿ ಮನೆಗೆ ಬಂದಳು. ಅಜ್ಜಿ ಎಂದರೆ ನನ್ನ ಸಿಂಥಸೈಜರ್, ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಹಳೆಯ ಕೀಬೋರ್ಡ್. ನಲವತ್ತೆರಡು ವರ್ಷದ ಯಂತ್ರ; ಎತ್ತಿದರೆ ಊಟ ಮುಗಿಸಿದ ಅಳಿಯನಷ್ಟು ಭಾರ. ಒಮ್ಮೆಗೆ ಆರು ಸ್ವರ ನುಡಿಯುತ್ತಾಳೆ, ಆರಕ್ಕೂ ಒಂದೊಂದು ಫಿಲ್ಟರ್ ಚಿಪ್. ಒರಟು ಸ್ವರ ಹುಟ್ಟಿಸುವುದು ಯಾವ ಯಂತ್ರಕ್ಕೂ ಕಷ್ಟವಲ್ಲ. ಅದನ್ನು ಸೋಸಿ, ಎಷ್ಟು ಹೊಳಪು ಉಳಿಯಬೇಕು ಎಷ್ಟು ಹೋಗಬೇಕು ಎಂದು ತೀರ್ಮಾನಿಸುವುದು ಫಿಲ್ಟರ್. ಅಜ್ಜಿಯ ಗುಣವೆಲ್ಲ ಇರುವುದು ಆ ಆರು ಚಿಪ್‌ಗಳಲ್ಲಿ. ಅವನ್ನು ಈಗ ಯಾರೂ ತಯಾರಿಸುವುದಿಲ್ಲ. ಸಂಗ್ರಹ ಮಾಡುವವರು ಅವುಗಳ ಹೆಸರು ಕೇಳಿದರೇ ಜೊಲ್ಲು ಸುರಿಸುತ್ತಾರೆ.

ಆರು ವಾರ ಬೆಸುಗೆಯ ಅಂಗಡಿಯಲ್ಲಿದ್ದಳು. ಬೆಸುಗೆ ಎಂಬುದು ನಮ್ಮ ರಿಪೇರಿಯವನಿಗೆ ನಾವಿಟ್ಟ ಅಡ್ಡಹೆಸರು. ಮೂವತ್ತು ವರ್ಷದ ಗೆಳೆಯ. ಹಳೆಯ ಕೆಪಾಸಿಟರ್‌ಗಳನ್ನು ತೆಗೆದು ಹೊಸವು ಹಾಕಿದ್ದಾನೆ. ಮೊದಲು ಒಳಗಿನ ಬ್ಯಾಟರಿ ಸತ್ತರೆ ನಾನು ಮಾಡಿಟ್ಟ ಶಬ್ದಗಳೆಲ್ಲ ಅಳಿಸಿಹೋಗುತ್ತಿದ್ದವು. ಈಗ ನೆನಪಿಗೆ ಹೊಸ ಬೋರ್ಡ್ ಕೂರಿಸಿದ್ದಾನೆ, ಆ ಭಯವಿಲ್ಲ. ಪುಟ್ಟ ಪರದೆಯೂ ಬಂದಿದೆ. ಯಾವ ಗುಂಡಿ ಎಷ್ಟು ತಿರುಗಿದೆ ಎಂದು ಸೊನ್ನೆಯಿಂದ ನೂರಿಪ್ಪತ್ತೇಳರವರೆಗೆ ಅಂಕಿಯಲ್ಲಿ ತೋರಿಸುತ್ತದೆ.

ಎಲ್ಲ ಸರಿ. ಆದರೆ ಸ್ವರ ಮಬ್ಬು. ಕಂಬಳಿ ಹೊದ್ದು ಮಾತಾಡಿದ ಹಾಗೆ. ಆರು ವಾರದ ಹಿಂದೆಯೂ ಸ್ವಲ್ಪ ಮಬ್ಬಿತ್ತು, ಅದಕ್ಕೇ ಕೊಟ್ಟದ್ದು. ಈಗ ಇನ್ನೂ ಹೆಚ್ಚು.

ನನ್ನ ಅನುಮಾನ ಇಷ್ಟು: ಬೆಸುಗೆ ಅಸಲಿ ಚಿಪ್ ತೆಗೆದುಕೊಂಡು ನಕಲಿ ಕೂರಿಸಿದ್ದಾನೆ.

ಮಾರ್ಚ್ ೬, ಗುರುವಾರ

ಕೆಲಸ ಶುರುಮಾಡಿದೆ. ಮೂರು ವರ್ಷ ಯಾರೂ ಕರೆಯಲಿಲ್ಲ. ಈಗ ಒಂದು ಕಂಪನಿ ತನ್ನ ಹೊಸ ಕೀಬೋರ್ಡಿಗೆ ನನ್ನಿಂದ ಅರವತ್ತನಾಲ್ಕು ಶಬ್ದ ಕೇಳಿದೆ. ಅಜ್ಜಿಯಲ್ಲಿ ಮಾಡಿ, ದಾಖಲಿಸಿ, ವಾರ ವಾರ ಕಳಿಸಬೇಕು. ಹೋಲಿಸಿ ನೋಡಲು ಅವರ ಹೊಸ ಯಂತ್ರವನ್ನೂ ಕಳಿಸಿದ್ದಾರೆ. ಸಾವಿರ ಶಬ್ದ ತುಂಬಿಕೊಂಡು ಬಂದಿದೆ, ಒಂದು ಕೈಯಲ್ಲಿ ಎತ್ತಬಹುದು. ಅದೂ ಮಬ್ಬಾಗಿಯೇ ಇದೆ. ಈಗಿನ ಕಾಲದ ಸಾಮಾನೇ ಇಷ್ಟು.

ಇವತ್ತು ಒಂದು ಗಾಜಿನ ಗಂಟೆ ಮಾಡಿದೆ. ಫಿಲ್ಟರಿನ ಹೊಳಪಿನ ಗುಂಡಿಯನ್ನು ೯೬ಕ್ಕೆ ತಂದ ಮೇಲೆ ಜೀವ ಬಂತು. ಹಿಂದೆಲ್ಲ ಇಂಥದ್ದಕ್ಕೆ ಗುಂಡಿ ಅರ್ಧ ತಿರುಗಿಸಿದರೆ ಸಾಕಾಗಿತ್ತು. ನಕಲಿ ಮಾಲಿನ ಹಣೆಬರಹ.

ಕೆಟಲ್ ಕೂಡ ಕೆಟ್ಟಿದೆ, ಸಿಳ್ಳೆ ಬರುವುದಿಲ್ಲ, ಬರೀ ಹಬೆ. ನೀರೆಲ್ಲ ಆರಿ ತಳ ಸುಟ್ಟಿತು. ಹೆಂಡತಿ ಹೊಲಿಗೆ ಬಿಟ್ಟು ಓಡಿಬಂದು ಏನೋ ಬೈದಳು. ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು ಮಾತಾಡುತ್ತಾಳೆ. ಸ, ಶ ಒಂದೂ ನೆಟ್ಟಗೆ ಬರುವುದಿಲ್ಲ. ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಮೂವತ್ತೊಂದು ವರ್ಷದಿಂದ ಊರ ಬಟ್ಟೆಯನ್ನೆಲ್ಲ ಹೊಲಿಯುತ್ತಿದ್ದಾಳೆ. ಅಜ್ಜಿಯನ್ನು ‘ನಿಮ್ಮ ದೊಡ್ಡ ಹೆಂಡ್ತಿ’ ಎನ್ನುತ್ತಾಳೆ.

ಮಾರ್ಚ್ ೮, ಶನಿವಾರ

ಮುಚ್ಚಳ ಬಿಚ್ಚಿ ನೋಡಿದೆ. ಹದಿನಾಲ್ಕು ತಿರುಪು. ಆರು ಚಿಪ್‌ಗಳ ಮೇಲೂ ಹಳೆಯ ಅಕ್ಷರ, ಹಳೆಯ ತಾರೀಕು ಹಾಗೇ ಇದೆ. ಒಂದು ನಿಮಿಷ ಮನಸ್ಸು ಹಗುರಾಯಿತು. ಆಮೇಲೆ ನೆನಪಾಯಿತು: ನಕಲಿ ಚಿಪ್ಪಿನ ಬೆನ್ನು ಉಜ್ಜಿ ಹಳೆಯ ಅಕ್ಷರ ಅಚ್ಚು ಹೊಡೆಯುವ ಕಸುಬು ಎಲ್ಲ ಕಡೆ ನಡೆಯುತ್ತದೆ. ಹೀಗೆ ಕಣ್ಣಿಗೆ ಮಣ್ಣೆರಚುವುದನ್ನು ನಮಗೆಲ್ಲ ವಿವರಿಸಿ ಎಚ್ಚರಿಸಿದವನೇ ಬೆಸುಗೆ. ಅಂದರೆ ಅವನಿಗೆ ಚೆನ್ನಾಗಿ ಗೊತ್ತು.

ಅಕ್ಷರ ಅಷ್ಟು ಸ್ಪಷ್ಟವಾಗಿರುವುದೇ ಅನುಮಾನಕ್ಕೆ ಎಡೆ. ನಲವತ್ತೆರಡು ವರ್ಷದ ಮೇಲೆ ಯಾರ ಮುಖ ಅಷ್ಟು ಸ್ಪಷ್ಟವಾಗಿರುತ್ತದೆ?

ಮಾರ್ಚ್ ೯, ಭಾನುವಾರ

ತಿಂಗಳ ಕೂಟ. ಎರಡನೇ ಭಾನುವಾರ ಬೆಳಗ್ಗೆ ದಂತವೈದ್ಯರ ಮನೆಯ ಹಾಲ್‌ನಲ್ಲಿ ನಾವು ಹದಿನೈದು ಇಪ್ಪತ್ತು ಮಂದಿ ಸೇರುತ್ತೇವೆ. ಯಂತ್ರ ತರುತ್ತೇವೆ, ನುಡಿಸುತ್ತೇವೆ, ಒಬ್ಬರ ಶಬ್ದಕ್ಕೆ ಇನ್ನೊಬ್ಬರು ಹೊಟ್ಟೆಕಿಚ್ಚು ಪಡುತ್ತೇವೆ. ದಂತವೈದ್ಯರಿಗೆ ಹಲ್ಲಿಗಿಂತ ಸಿಂಥಸೈಜರ್ ಮೇಲೆ ಪ್ರೀತಿ. ಮನೆಯಲ್ಲಿ ಒಂಬತ್ತು ಇಟ್ಟಿದ್ದಾರೆ. ಇವರೆಲ್ಲರ ರಿಪೇರಿ ಬೆಸುಗೆಯದೇ. ಅವನು ಇವತ್ತು ಬಂದಿರಲಿಲ್ಲ. ಯಾಕೆ ಬರಲಿಲ್ಲ?

ನಾನು ಹೆಸರು ಹೇಳಲಿಲ್ಲ. ‘ಯಂತ್ರ ಬಿಟ್ಟು ಬರೋವಾಗ ಒಳಗಿನ ಚಿಪ್ಪಿನ ಫೋಟೋ ತೆಗೆದಿಟ್ಕೊಳ್ಳಿ’ ಎಂದೆ ಅಷ್ಟೆ. ದಂತವೈದ್ಯರು ಕಪ್ ಕೆಳಗಿಟ್ಟು, ‘ಯಾರನ್ನ ಅಂತಿದೀರ?’ ಎಂದರು. ‘ಯಾರನ್ನೂ ಇಲ್ಲ ಸಾರ್’ ಎಂದೆ. ಅರ್ಥವಾಗುವವರಿಗೆ ಅರ್ಥವಾಯಿತು.

ಮಾರ್ಚ್ ೧೩, ಗುರುವಾರ

ಎಂಟು ಶಬ್ದಗಳ ಮೊದಲ ಕಂತಿಗೆ ಕಂಪನಿಯ ಉತ್ತರ ಬಂತು. ಅಲ್ಲಿನ ಮುಖ್ಯಸ್ಥೆ ಬರೆದಿದ್ದಾಳೆ: ‘ಸರ್, ಕಲ್ಪನೆ ಸೊಗಸಾಗಿದೆ. ಆದರೆ ಎಂಟೂ ಕಿವಿಗೆ ಚುಚ್ಚುತ್ತವೆ. ದಯವಿಟ್ಟು ಮತ್ತೊಮ್ಮೆ ಪರಿಶೀಲಿಸಿ.’

ನನಗೆ ಮಬ್ಬು, ಅವರಿಗೆ ಚೂಪು. ನಕಲಿ ಚಿಪ್ ಎಂದರೆ ಇದೇ, ಒಬ್ಬೊಬ್ಬರಿಗೆ ಒಂದೊಂದು ಥರ ಕೇಳಿಸುತ್ತದೆ.

ಕೆಳಮನೆಯವನೂ ಮೆಟ್ಟಿಲು ಹತ್ತಿ ಬಂದು, ‘ಅದೇನ್ರೀ ಬೆಳಗಿಂದ ಸೂಜಿ ಚುಚ್ಚಿದಂಗೆ ಸದ್ದು, ತಲೆ ಸಿಡೀತಿದೆ’ ಎಂದ. ಅವನಿಗೆ ಮೊದಲಿಂದಲೂ ನನ್ನ ಕಂಡರಾಗದು.

ಈ ಕೆಲಸ ಕೈತಪ್ಪಿದರೆ ಇನ್ನೊಂದು ಬರುವುದಿಲ್ಲ. ನನ್ನ ವಯಸ್ಸಿನವನನ್ನು ಎರಡನೇ ಸಲ ಯಾರೂ ಹುಡುಕಿಕೊಂಡು ಬರುವುದಿಲ್ಲ. ಭಯವಾಗುತ್ತಿದೆ.

ಮಾರ್ಚ್ ೧೫, ಶನಿವಾರ

ಬಾಡಿಗೆ ವ್ಯಾನಿನಲ್ಲಿ ಅಜ್ಜಿಯನ್ನು ಹೇರಿಕೊಂಡು ಬೆಸುಗೆಯ ಅಂಗಡಿಗೇ ಹೋದೆ. ಕಿರಿದಾದ ಅಂಗಡಿ, ಗೋಡೆ ತುಂಬ ಹೊಟ್ಟೆ ಬಗೆದ ಕೀಬೋರ್ಡುಗಳು, ಮೇಜಿನ ಮೇಲೆ ಅವನ ಬೆಕ್ಕು. ನೇರವಾಗಿ ಕೇಳಿಬಿಟ್ಟೆ, ‘ನನ್ನ ಚಿಪ್ ಎಲ್ಲಿ?’

ಮೊದಲು ನಕ್ಕ. ನಾನು ನಗಲಿಲ್ಲ.

‘ಲೋ, ನಿನ್ನ ಯಂತ್ರದಲ್ಲೇ ಇದಾವೆ. ಬಾ ತೋರಿಸ್ತೀನಿ’ ಎಂದು, ಅಲೆಗಳನ್ನು ತೋರಿಸುವ ತನ್ನ ಪರದೆಗೆ ತಂತಿ ಸಿಕ್ಕಿಸಿದ. ಫಿಲ್ಟರ್ ತಾನೇ ಸಿಳ್ಳೆ ಹಾಕುವಂತೆ ಗುಂಡಿಗಳನ್ನು ಕೂರಿಸಿದ. ‘ಅಸಲಿ ಚಿಪ್ ಆದ್ರೆ ಈ ಸಿಳ್ಳೆ ತುದೀವರೆಗೂ ಒಡೀದೆ ಹೋಗುತ್ತೆ. ನಕಲಿ ಮಧ್ಯದಲ್ಲೇ ಉಸಿರು ಬಿಡುತ್ತೆ. ಕೇಳು.’

ಹೊಳಪಿನ ಗುಂಡಿ ತಿರುಗಿಸಿದ ಹಾಗೆ ಸಿಳ್ಳೆ ಏರುತ್ತ ಹೋಯಿತು. ಏರಿ, ತೆಳ್ಳಗಾಗಿ, ನಿಂತೇಹೋಯಿತು. ಅವನು ಮಾತ್ರ ಗುಂಡಿ ತಿರುಗಿಸುತ್ತಲೇ ಇದ್ದ, ಪರದೆಯ ಮೇಲೆ ಅಲೆ ಕುಣಿಯುತ್ತಲೇ ಇತ್ತು.

‘ನೋಡ್ದಾ? ನಿಂತೋಯ್ತು. ಮಧ್ಯದಲ್ಲೇ ಉಸಿರು ಬಿಡ್ತು’ ಎಂದೆ.

‘ನಿಂತಿಲ್ವಲ್ಲೋ.’

‘ಸದ್ದೇ ಇಲ್ಲ, ಅಲೆ ತೋರಿಸ್ತೀಯ? ಯಾರ ಕಿವಿ ಮೇಲೆ ಹೂವು ಇಡ್ತಿದೀಯ?’

ನನ್ನ ಗಟ್ಟಿ ದನಿ ಬೆಕ್ಕಿಗೆ ಹಿಡಿಸಲಿಲ್ಲವೇನೋ, ಕಿವಿ ಮಡಚಿಕೊಂಡು ಎದ್ದು ಹೊರಗೆ ಹೋಯಿತು. ಬೆಸುಗೆ ನನ್ನ ಮುಖವನ್ನೇ ನೋಡುತ್ತ ಗುಂಡಿಯನ್ನು ಸ್ವಲ್ಪ ಹಿಂದಕ್ಕೆ, ಸ್ವಲ್ಪ ಮುಂದಕ್ಕೆ ತಿರುಗಿಸಿದ. ‘ಈಗ?’ ಎಂದ. ‘ಏನಿಲ್ಲ’ ಎಂದೆ. ‘ಈಗ?’ ‘ಏನೂ ಇಲ್ಲ ಅಂದ್ನಲ್ಲ!’

ಯಂತ್ರ ಆರಿಸಿದ. ಸೀಸದ ತಂತಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಬಹಳ ಹೊತ್ತು ಕೂತ. ಆಮೇಲೆ ತಲೆ ಎತ್ತದೆ ಹೇಳಿದ, ‘ಆಯ್ತಪ್ಪ. ನಾನೇ ತೆಗ್ದಿದ್ದು. ಮೂರು ದಿನ ಬಿಟ್ಟೋಗು, ವಾಪಸ್ ಹಾಕ್ಕೊಡ್ತೀನಿ.’

ಒಪ್ಪಿಕೊಂಡ! ನನ್ನ ಕಿವಿ ಸುಳ್ಳು ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೆದ್ದೆ. ಆದರೆ ಗೆದ್ದ ಖುಷಿ ಬಸ್ಸು ಅರ್ಧ ದಾರಿಗೆ ಬರುವಷ್ಟರಲ್ಲೇ ಇಳಿದುಹೋಯಿತು. ಮೂವತ್ತು ವರ್ಷ ಒಂದೇ ತಟ್ಟೆಯಲ್ಲಿ ತಿಂದವನು.

ಮಾರ್ಚ್ ೧೮, ಮಂಗಳವಾರ

ಬೆಸುಗೆಯೇ ಅಜ್ಜಿಯನ್ನು ತಂದು ಕೂರಿಸಿ ಹೋದ. ಈಗ ವಾಸಿ. ನೂರಕ್ಕೆ ನೂರಲ್ಲ, ಎಪ್ಪತ್ತು. ಕದ್ದವನು ಅಷ್ಟಾದರೂ ಮಾಡಿದನಲ್ಲ.

ನನ್ನ ಮುಖ ನೋಡಲಿಲ್ಲ. ನೀರು ಕೇಳುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಹೆಂಡತಿಯ ಜೊತೆ ಕಾಲು ಗಂಟೆ ಗುಸುಗುಸು. ಒಂದು ಲೋಟ ನೀರಿಗೆ ಕಾಲು ಗಂಟೆ! ಅವನು ಹೋದ ಮೇಲೆ ‘ಏನಂತೆ?’ ಎಂದೆ. ‘ಏನಿಲ್ಲ ಕಣ್ರೀ’ ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ನೆಗಡಿಯಂತೆ.

ದಂತವೈದ್ಯರಿಗೆ ಫೋನ್ ಮಾಡಿ ಹೇಳಿದೆ, ಕದ್ದದ್ದು ಹೌದು, ಒಪ್ಪಿಕೊಂಡಿದ್ದಾನೆ ಎಂದು. ಉಪ್ಪು ಖಾರ ಹಚ್ಚಲಿಲ್ಲ. ಸ್ವಲ್ಪ ಹಚ್ಚಿದೆ.

ಮಾರ್ಚ್ ೨೫, ಮಂಗಳವಾರ

ಇದು ಬೇರೆ ಕಥೆ. ನಿನ್ನೆ ಮಧ್ಯಾಹ್ನ ಹದಿನೇಳನೇ ಶಬ್ದವನ್ನು ಹೊಳಪು ೧೧೨ರಲ್ಲಿ ಉಳಿಸಿ ಎದ್ದಿದ್ದೆ. ಇವತ್ತು ಬೆಳಗ್ಗೆ ೮೪ ತೋರಿಸುತ್ತಿದೆ. ಹೊಸ ಬೋರ್ಡ್‌ನಲ್ಲಿ ಬೆಸುಗೆ ತಾನಾಗೇ ಅಂಕಿ ಇಳಿಸುವ ಕೀಲಿ ಏನಾದರೂ ಇಟ್ಟಿದ್ದಾನೆಯೇ?

ಇನ್ನು ಮೇಲೆ ಎಲ್ಲ ಅಂಕಿ ಇಲ್ಲಿ ಬರೆದಿಡುತ್ತೇನೆ.

೧೮: ೧೦೫. ೧೯: ೧೧೮. ೨೦: ೯೯.

ಮಾರ್ಚ್ ೨೬, ಬುಧವಾರ

೧೮: ೭೭. ೧೯: ೮೦. ೨೦: ೭೧.

ತಿರುಗಿಸಿದ್ದಷ್ಟೇ ಅಲ್ಲ, ಉಳಿಸಿಯೂ ಇದೆ. ಉಳಿಸಬೇಕಾದರೆ ಎರಡು ಗುಂಡಿ ಒಟ್ಟಿಗೆ ಒತ್ತಬೇಕು. ಕೀಲಿಯಲ್ಲ. ಕೈ.

ಮಾರ್ಚ್ ೨೮, ಶುಕ್ರವಾರ

ಎಲ್ಲವನ್ನೂ ಮತ್ತೆ ಮೇಲಕ್ಕೆ ತರುವಷ್ಟು ಹೊತ್ತಿಲ್ಲ, ಕಂತು ಇವತ್ತೇ ಹೋಗಬೇಕು. ಕೆಟ್ಟರೆ ಕೆಡಲಿ ಎಂದು ಹಾಗೇ ದಾಖಲಿಸಿ ಕಳಿಸಿದೆ. ಮಬ್ಬೋ ಮಬ್ಬು.

ಏಪ್ರಿಲ್ ೧, ಮಂಗಳವಾರ

ನಾನು ಮನೆಯಲ್ಲಿ ಇಲ್ಲದಿರುವುದು ಸಂಜೆ ನಾಲ್ಕರಿಂದ ಐದು, ನಡೆಯಲು ಹೋದಾಗ ಮಾತ್ರ. ಬೀಗದ ಕೈ ಇರುವುದು ಇಬ್ಬರ ಹತ್ತಿರ. ಒಂದು ನನ್ನದು.

ಸ್ನಾನ ಮಾಡಿ ಬರುವಾಗ ಇವಳು ಫೋನಿನಲ್ಲಿ ಮಾತಾಡುತ್ತಿದ್ದಳು, ನನ್ನ ನೋಡಿ ಇಟ್ಟುಬಿಟ್ಟಳು. ಆಮೇಲೆ ಕದ್ದು ನೋಡಿದೆ: ಬೆಸುಗೆಯ ಸಂಖ್ಯೆ. ವಾರದಲ್ಲಿ ನಾಲ್ಕು ಸಲ. ನನ್ನ ಮೇಲೆ ಸೇಡು ತೀರಿಸಿಕೊಳ್ಳಲು ನನ್ನ ಮನೆಯವಳನ್ನೇ ಹಿಡಿದಿದ್ದಾನೆ. ಇವಳೂ ಒಪ್ಪಿದ್ದಾಳೆ.

ಊಟಕ್ಕೆ ಕೂತಾಗ ಕೇಳಿದಳು, ‘ಯಾಕ್ರೀ ಹಂಗೆ ಗುರಾಯಿಸ್ತೀರಾ?’

‘ಬೆಸುಗೆ ಹೇಗಿದಾನೆ?’ ಎಂದೆ.

‘ನೊಣ ಹೊಡೀತಾ ಕೂತಿದಾನೆ. ನಿಮ್ಮ ಕೂಟದವರು ಒಬ್ರೂ ಆ ಕಡೆ ತಲೆ ಹಾಕ್ತಿಲ್ವಂತೆ. ಖುಷೀನಾ?’

ಅವಳ ಕಣ್ಣಲ್ಲಿ ನೀರಿತ್ತು. ಅವನಿಗಾಗಿ ಅಳುತ್ತಾಳೆ.

ಏಪ್ರಿಲ್ ೭, ಸೋಮವಾರ

ಕಂಪನಿಯವಳ ಪತ್ರ: ‘ಸರ್, ಹದಿನೇಳರಿಂದ ಮೂವತ್ತೆರಡರವರೆಗಿನ ಶಬ್ದಗಳನ್ನು ನಮ್ಮ ತಂಡ ಎದ್ದು ನಿಂತು ಕೇಳಿತು. ಮೊದಲ ಹದಿನಾರನ್ನೂ ಇದೇ ಹದಕ್ಕೆ ತಂದುಕೊಡಿ. ಈ ಮೃದುತ್ವ ಬೇರೆ ಯಾರಿಂದಲೂ ಆಗದು.’

ನಾಲ್ಕು ಸಲ ಓದಿದೆ. ಮೊನ್ನೆ ಶುಕ್ರವಾರದ ಕಂತೂ ಇಳಿದ ಅಂಕಿಯಲ್ಲೇ ಹೋಗಿತ್ತು. ಹೊಗಳಿಕೆ ನನ್ನ ಹೆಸರಿಗೆ ಬಂದಿದೆ, ಗುಂಡಿ ತಿರುಗಿಸಿದ್ದು ಬೇರೆ ಕೈ. ಕೆಡಿಸಲು ಹೋದವರು ಹೀಗೇಕೆ ಹದವಾಗಿ ಕೆಡಿಸುತ್ತಾರೆ? ಅದನ್ನು ಯೋಚಿಸಿ ತಲೆ ಕೆಟ್ಟಿತು.

ಹಿಡಿಯಲೇಬೇಕು.

ಏಪ್ರಿಲ್ ೧೦, ಗುರುವಾರ

ನಾಲ್ಕಕ್ಕೆ ಚಪ್ಪಲಿ ಮೆಟ್ಟಿ ಹೊರಟೆ, ಕೆಳಗಿನ ಮೆಟ್ಟಿಲಲ್ಲಿ ಕೂತೆ. ಕೆಳಮನೆಯವನು ಹಾದುಹೋಗುತ್ತ ನನ್ನನ್ನು ಒಂದು ಥರ ನೋಡಿದ. ಹದಿನೈದು ನಿಮಿಷ ಬಿಟ್ಟು ಮೇಲೆ ಬಂದೆ, ಚಪ್ಪಲಿ ಕೈಯಲ್ಲಿ ಹಿಡಿದು, ನನ್ನ ಮನೆಗೆ ನಾನೇ ಕಳ್ಳನ ಹಾಗೆ.

ಇವಳು ಅಜ್ಜಿಯ ಮುಂದೆ ನನ್ನ ಕುರ್ಚಿಯಲ್ಲಿ ಕೂತಿದ್ದಳು. ಕುತ್ತಿಗೆಯಲ್ಲಿ ಅಳತೆಪಟ್ಟಿ. ಎಡಗೈಯ ಒಂದೇ ಬೆರಳಲ್ಲಿ ಕೀಬೋರ್ಡಿನ ಒಂದು ಸ್ವರದ ಮನೆ ಒತ್ತಿ ಹಿಡಿದು, ಬಲಗೈಯಲ್ಲಿ ಹೊಳಪಿನ ಗುಂಡಿಯನ್ನು ಒಂದೊಂದೇ ಅಂಕಿ ಇಳಿಸುತ್ತಿದ್ದಳು. ಕಣ್ಣು ಮುಚ್ಚಿತ್ತು, ಮುಖ ಹಿಂಡಿತ್ತು. ಒಂದು ಕಡೆ ಬಂದಾಗ ಮುಖ ಸಡಿಲಾಯಿತು. ಅಲ್ಲಿಗೆ ನಿಲ್ಲಿಸಿ ಎರಡು ಗುಂಡಿ ಒಟ್ಟಿಗೆ ಒತ್ತಿದಳು.

‘ಸಿಕ್ಕಿಬಿದ್ದೆ’ ಎಂದೆ.

ಬೆಚ್ಚಿಬಿದ್ದಳು. ಆದರೆ ಕುರ್ಚಿಯಿಂದ ಏಳಲಿಲ್ಲ.

‘ಬೆಸುಗೆ ಹೇಳ್ಕೊಟ್ನಾ?’

‘ಹೌದು. ಉಳಿಸೋದು ಹೇಗೆ ಅಂತ ಹೇಳ್ಕೊಟ್ಟ.’

‘ನನ್ನ ಕೆಲಸ ಹಾಳು ಮಾಡೋಕೆ?’

‘ರೀ, ಇಲ್ಲಿ ಬನ್ನಿ’ ಎಂದಳು. ಗುಂಡಿಯನ್ನು ನಾನು ಉಳಿಸಿದ್ದ ೧೧೫ಕ್ಕೆ ಏರಿಸಿ ಮನೆ ಒತ್ತಿದಳು. ನನಗೆ ಚೆಂದವಾಗಿ ಕೇಳಿಸಿತು. ಅವಳು ಹಲ್ಲು ಕಚ್ಚಿ ಭುಜ ಮೇಲೆತ್ತಿದಳು, ಕೆಳಮನೆಯ ಕಿಟಕಿ ದಡಾರ್ ಎಂದು ಮುಚ್ಚಿಕೊಂಡಿತು. ‘ನಂಗೆ ಸಂಗೀತ ಗೊತ್ತಿಲ್ಲ. ಆದ್ರೆ ನಿಮ್ಮ ಶಬ್ದ ಗೊತ್ತು. ಮೂವತ್ತೊಂದು ವರ್ಷ ಗೋಡೆ ಆಚೆಯಿಂದ ಕೇಳಿಲ್ವಾ? ಹಲ್ಲು ಜುಮ್ ಅನ್ನೋದು ನಿಲ್ಲೋವರೆಗೂ ಇಳಿಸ್ತೀನಿ. ಅಲ್ಲಿಗೆ ಬಂದ್ರೆ ನಿಮ್ದೇ ಶಬ್ದ.’

‘ಅಂದ್ರೆ?’

‘ಕೆಟಲ್ ಕೆಟ್ಟಿಲ್ಲ ಕಣ್ರೀ. ಸಿಳ್ಳೆ ಹಾಕ್ತಾನೇ ಇದೆ.’

ನಾನು ಗೋಡೆಗೆ ಒರಗಿ ನಿಂತೆ. ಅವಳು ಮೆಲ್ಲಗೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು. ಅಂಗಡಿಯಲ್ಲಿ ಆ ಸಿಳ್ಳೆ ನಿಂತೇ ಇರಲಿಲ್ಲ. ಬೆಸುಗೆ ಅವತ್ತೇ ಇವಳಿಗೆ ಫೋನ್ ಮಾಡಿದ್ದ. ಚಿಪ್ಪನ್ನು ಅವನು ಮುಟ್ಟಿಯೇ ಇಲ್ಲ. ಮೂರು ದಿನ ಅಜ್ಜಿಯ ಮೇಲೊಂದು ಬಟ್ಟೆ ಮುಚ್ಚಿಟ್ಟು ಹಾಗೇ ವಾಪಸ್ ತಂದ.

‘ಮತ್ತೆ ಕದ್ದೆ ಅಂತ ಯಾಕೆ ಒಪ್ಕೊಂಡ?’

‘ನಾನೂ ಕೇಳ್ದೆ. ಶಬ್ದ ಮಾಡೋನಿಗೆ ನಿನ್ನ ಕಿವಿ ಹೋಯ್ತು ಅಂತ ಯಾವ ಬಾಯಲ್ಲಿ ಹೇಳ್ಲಿ, ಕಳ್ಳ ಅನ್ನಿಸ್ಕೊಳ್ಳೋದೇ ಸುಲಭ ಅಂದ. ಅರವತ್ನಾಲ್ಕೂ ಮುಗೀಲಿ, ಆಮೇಲೆ ಹೇಳೋಣ ಅಂತಿದ್ವಿ. ನೀವು ಊರೆಲ್ಲ ಸಾರ್ತೀರಿ ಅಂತ ಅವನಿಗೇನು ಗೊತ್ತಿತ್ತು?’

ಏಪ್ರಿಲ್ ೧೧, ಶುಕ್ರವಾರ

ಏನೂ ಮಾಡಲಿಲ್ಲ. ಕೆಟಲ್ ಇಟ್ಟು ಪಕ್ಕದಲ್ಲೇ ನಿಂತು ನೋಡಿದೆ. ಹಬೆ ಬಂತು. ಇವಳು ಪಕ್ಕದ ಕೋಣೆಯಿಂದ ‘ಆಯ್ತು, ಆರ್ಸಿ’ ಎಂದಳು.

ಏಪ್ರಿಲ್ ೧೨, ಶನಿವಾರ

ಬೆಸುಗೆಯ ಹೆಸರು ತೊಳೆಯಬೇಕಾದರೆ ನನ್ನದಕ್ಕೆ ಮಸಿ ಬಳಿದುಕೊಳ್ಳಬೇಕು. ಚಿಪ್ ಕದ್ದಿಲ್ಲ ಎಂದರೆ ಮತ್ತೆ ಮಬ್ಬು ಯಾಕೆ ಎಂದು ಕೇಳುತ್ತಾರೆ. ಕಿವಿ ಕೇಳಿಸದವನ ಶಬ್ದ ಯಾರಿಗೆ ಬೇಕು? ಕೂಟದಲ್ಲಿ ಬಾಯಿಬಿಟ್ಟರೆ ಸಂಜೆಯೊಳಗೆ ಕಂಪನಿಗೆ ತಲುಪುತ್ತದೆ. ಬೆಳಗಿನಿಂದ ಮನಸ್ಸಿನಲ್ಲಿ ಜಾಣ ಜಾಣ ವಾಕ್ಯಗಳನ್ನು ಹೊಸೆದೆ: ‘ಏನೋ ತಪ್ಪು ತಿಳುವಳಿಕೆ’, ‘ಹಳೇದೆಲ್ಲ ಬಿಡಿ, ಮುಗೀತು’. ಸುಮ್ಮನಿದ್ದುಬಿಡೋಣ ಎಂದೂ ಅನ್ನಿಸಿತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಅನ್ನಿಸಿತು.

ಮಧ್ಯಾಹ್ನ ಅಂಗಡಿಗೆ ಹೋದೆ. ರಿಪೇರಿಗೆ ಬಂದದ್ದು ಒಂದು ಆಟದ ಪಿಯಾನೊ ಮಾತ್ರ. ಅದರ ಸ್ಪೀಕರ್ ಬಿಚ್ಚುತ್ತಿದ್ದ. ನನ್ನ ನೋಡಿ ಸ್ಟೂಲ್ ಎಳೆದುಕೊಟ್ಟ.

‘ಹೇಳಿದ್ಲಾ?’ ಎಂದ.

‘ಹ್ಞೂಂ. ನಾಳೆ ಕೂಟಕ್ಕೆ ಬಾ.’

‘ಬೇಡ ಬಿಡೋ. ಎಲ್ಲಾ ಮರೀತಾರೆ. ನಿನ್ನ ಕೆಲಸ ಮುಗಿಸ್ಕೋ.’

‘ನೀನು ಬರ್ದಿದ್ರೆ ನಿನ್ನ ಬೆಕ್ಕನ್ನ ಎತ್ಕೊಂಡು ಹೋಗ್ತೀನಿ’ ಎಂದೆ. ನಗಬೇಕು ಎಂದುಕೊಂಡಿದ್ದೆ, ಅಳು ಬಂತು. ಅವನು ಪಿಯಾನೊ ಕಡೆ ತಿರುಗಿ ಕೂತ.

ಏಪ್ರಿಲ್ ೧೩, ಭಾನುವಾರ

ದಂತವೈದ್ಯರ ಹಾಲ್‌ನಲ್ಲಿ ಹದಿನೆಂಟು ಮಂದಿ. ಬೆಸುಗೆ ಬಾಗಿಲ ಹತ್ತಿರವೇ ನಿಂತಿದ್ದ. ಒಬ್ಬರೂ ಅವನಿಗೆ ಕುರ್ಚಿ ಕೊಡಲಿಲ್ಲ. ದಂತವೈದ್ಯರು ಅವನನ್ನು ನೋಡಿ, ತಮ್ಮ ಒಂಬತ್ತು ಯಂತ್ರಗಳನ್ನೂ ಒಮ್ಮೆ ನೋಡಿಕೊಂಡರು, ಎಣಿಸುವವರಂತೆ. ಅವರಿಗೆ ಹಾಗೆ ನೋಡಲು ಕಲಿಸಿದವನು ನಾನೇ.

ಹೊಸೆದ ವಾಕ್ಯ ಒಂದೂ ನಾಲಿಗೆಗೆ ಬರಲಿಲ್ಲ. ದಂತವೈದ್ಯರಿಗೆ ಹೇಳಿದೆ, ‘ಸಾರ್, ನಿಮ್ಮ ಯಂತ್ರದ ಫಿಲ್ಟರ್‌ನಲ್ಲಿ ಸಿಳ್ಳೆ ಎಬ್ಬಿಸಿ, ಕೆಳಗಿಂದ ನಿಧಾನಕ್ಕೆ ಏರಿಸಿ. ಎಲ್ಲರೂ ಕೈ ಎತ್ತಿ. ಕೇಳಿಸೋದು ನಿಂತಾಗ ಇಳಿಸಿ.’

ಯಾವುದೋ ಆಟ ಎಂದುಕೊಂಡು ನಗುತ್ತ ಎಲ್ಲರೂ ಕೈ ಎತ್ತಿದರು. ಬೆಸುಗೆಗೆ ಅರ್ಥವಾಯಿತು. ಬೇಡ ಎಂದು ತಲೆಯಾಡಿಸಿದ. ಆಮೇಲೆ ಅವನೂ ಎತ್ತಿದ.

ಸಿಳ್ಳೆ ಏರಿತು. ಅದರ ಹಿಂದೆಯೇ ಹೋದೆ, ಎಲ್ಲಿಯವರೆಗೆ ಆಗುತ್ತದೋ ಅಲ್ಲಿಯವರೆಗೆ. ಮೂಲೆಯಲ್ಲಿ ಫ್ಯಾನ್ ತಿರುಗುವ ಸದ್ದು ಮಾತ್ರ ಉಳಿಯಿತು. ಕೈ ಇಳಿಸಿದೆ.

ಸುತ್ತ ನೋಡಿದೆ. ಹದಿನಾರು ಕೈ ಮೇಲೇ ಇದ್ದವು. ಎಪ್ಪತ್ತು ದಾಟಿದ ದಂತವೈದ್ಯರು ಒಂದು ಕೈಯಲ್ಲಿ ಗುಂಡಿ ತಿರುಗಿಸುತ್ತ ಇನ್ನೊಂದನ್ನು ಎತ್ತಿಯೇ ಇದ್ದರು. ನಗು ಒಂದೊಂದೇ ಮುಖದಿಂದ ಇಳಿಯಿತು.

‘ಚಿಪ್ ಯಾರೂ ಕದ್ದಿಲ್ಲ. ಹೋಗಿರೋದು ನನ್ನ ಕಿವಿ. ಇವನಿಗೆ ಮೊದಲೇ ಗೊತ್ತಾಯ್ತು, ನನ್ನ ಮಾನ ಉಳಿಸೋಕೆ ಕದ್ದೆ ಅಂದ’ ಎಂದೆ.

ಬಾಗಿಲ ಕಡೆ ತಿರುಗಿದೆ. ಬೆಸುಗೆಯ ಕೈಯೂ ಕೆಳಗಿತ್ತು. ನನಗಿಂತ ಎಂಟು ವರ್ಷ ಚಿಕ್ಕವನು, ಸೀಸ ಕರಗುವ ಸದ್ದೂ ಕೇಳಿಸುವವನು, ನನ್ನ ಜೊತೆಗೇ ಇಳಿಸಿಬಿಟ್ಟಿದ್ದ.

‘ಎತ್ತೋ ಕೈನ’ ಎಂದೆ.

ಎತ್ತಲಿಲ್ಲ.

‘ನನಗೋಸ್ಕರ ಇನ್ನೊಂದು ಸುಳ್ಳು ಹೇಳ್ಬೇಡ. ಎತ್ತು.’

ಮೆಲ್ಲಗೆ ಎತ್ತಿದ.